ಎಣಿಸಿದ್ದು ಸಾಕು, ಓದಿ ನೋಡಿ

1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಹುಟ್ಟಿ ಆಗಿನ್ನೂ ಎರಡು ತಿಂಗಳು ಕಳೆದಿತ್ತಷ್ಟೆ. ಕೋಲ್ಕತ್ತದ ಈ ಹೆರಿಗೆಯ ಹಿಂದಿದ್ದವರು ಡಾ. ಸುಭಾಷ್ ಮುಖೋಪಾಧ್ಯಾಯ. ಹಾರ್ಮೋನು ಕೊಟ್ಟು ಅಂಡಾಣುಗಳನ್ನು ಬಲಿಸಿ, ದೇಹದ ಹೊರಗೆ ಫಲಿಸಿದ ಭ್ರೂಣವನ್ನು 53 ದಿನ ಶೈತ್ಯದಲ್ಲಿ ಕಾಪಾಡಿ, ನಂತರ ಗರ್ಭಕ್ಕೆ ಸೇರಿಸಿದ್ದಾಗಿ ಅವರು ವಿವರಿಸಿದ್ದರು. ಬೆಂಗಳೂರು, ಹುಬ್ಬಳ್ಳಿ, ಕೊಯಮತ್ತೂರಿನ ಬಂಜೆತನ ಚಿಕಿತ್ಸಾ ಕೇಂದ್ರಗಳಲ್ಲಿ ಈಗ ನಿತ್ಯ ನಡೆಯುವ ಕ್ರಮವೂ ಹೆಚ್ಚುಕಡಿಮೆ ಇದೇ. ಶೈತ್ಯದಲ್ಲಿಟ್ಟ ಭ್ರೂಣದಿಂದ ಆಸ್ಟ್ರೇಲಿಯಾದಲ್ಲಿ ಮಗು ಹುಟ್ಟಿದ್ದು 1984ರಲ್ಲಿ. ಆದರೂ ತಮ್ಮ ಕೆಲಸದ ಬಗ್ಗೆ ಮುಖೋಪಾಧ್ಯಾಯರು ಅಚ್ಚಿನಲ್ಲಿ ಬಿಟ್ಟುಹೋದದ್ದು ಕ್ರಯೋಜೆನಿಕ್ಸ್‌ಗೆ ಮೀಸಲಾದ ಭಾರತೀಯ ಪತ್ರಿಕೆಯೊಂದರ ಚಿಕ್ಕ ಪ್ರಬಂಧ ಮಾತ್ರ. ಪ್ರಕಟಣೆ ಮತ್ತು ಸೈಟೇಶನ್‌ಗಳ ಲೆಕ್ಕದಿಂದಲೇ ಸಂಶೋಧಕರ ಯೋಗ್ಯತೆ ತೀರ್ಮಾನಿಸುವ ನಮ್ಮ ವಿಶ್ವವಿದ್ಯಾಲಯಗಳ ಪದ್ಧತಿ ಬದಲಾಗಲೇಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ಕಾಣುವುದಿಲ್ಲ.

ಯುಜಿಸಿಯ 2018ರ ನಿಯಮಾವಳಿಯಲ್ಲಿರುವ ಕೋಷ್ಟಕವನ್ನೊಮ್ಮೆ ನೋಡಿ. ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಪತ್ರಿಕೆಯಲ್ಲಿ ಬಂದ ಪ್ರಬಂಧಕ್ಕೆ ಸೇರುವ ಅಂಕ 5. ಇಂಪ್ಯಾಕ್ಟ್ ಫ್ಯಾಕ್ಟರ್ 1ರಿಂದ 2ರ ನಡುವೆ ಇದ್ದರೆ 15, ಅದು 10 ದಾಟಿದರೆ 30. ಇಬ್ಬರು ಸೇರಿ ಬರೆದಿದ್ದರೆ ತಲಾ ಶೇ 70. ಪ್ರಬಂಧದೊಳಗೆ ಏನಿದೆ ಎಂದು ಯಾರೂ ತೆರೆದು ನೋಡಬೇಕಿಲ್ಲ, ಪತ್ರಿಕೆಯ ಹೆಸರು ಗೊತ್ತಾದರೆ ಲೆಕ್ಕ ಮುಗಿಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ ಮತ್ತು ಸಂಗಡಿಗರು ಕಪ್ಪೆಗಳ ಸಂತಾನೋತ್ಪತ್ತಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಗದ್ದೆಯ ದೊಡ್ಡ ಕಪ್ಪೆ ಮುಂಗಾರಿನಲ್ಲಿ ಮೊಟ್ಟೆಯಿಟ್ಟ ಮೇಲೆ ಅದರ ಅಂಡಾಶಯ ಮತ್ತೆ ಹೇಗೆ ತುಂಬಿಕೊಳ್ಳುತ್ತದೆ ಎಂದು ತಿಳಿಯಲು ತಿಂಗಳು ತಿಂಗಳೂ ಅಂಡಾಶಯ ತೂಗಬೇಕು, ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಡಿ ನೋಡಬೇಕು. ಒಂದು ಹಂತ ಕೈತಪ್ಪಿದರೆ ಮತ್ತೊಂದು ವರ್ಷ ಕಾಯಬೇಕು. ಇಂಥ ಕೆಲಸ ಮಾಡುವವರೇ ಜಗತ್ತಿನಲ್ಲಿ ಕಡಿಮೆ, ಹಾಗಾಗಿ ಅದನ್ನು ಉಲ್ಲೇಖಿಸುವವರೂ ಕಡಿಮೆ. ಇನ್ನೊಂದು ಕಡೆ, ಪಿಸಿಓಎಸ್ ಎಂದು ಯಾವುದನ್ನು ಕರೆಯಬೇಕು ಎಂಬ ಬಗ್ಗೆ 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಕೂಡಿ ಮಾಡಿದ ಒಪ್ಪಂದದ ಪ್ರಬಂಧಕ್ಕೆ ಸಾವಿರಾರು ಸೈಟೇಶನ್‌ಗಳಿವೆ. ಅದು ಬೇಕಾದ ಕೆಲಸವೇ, ಅನುಮಾನವಿಲ್ಲ. ಆದರೆ ಆ ಕಾಯಿಲೆಯ ಬಗ್ಗೆ ಬರೆಯುವವರೆಲ್ಲ ಹೆಚ್ಚುಕಡಿಮೆ ಕಡ್ಡಾಯವಾಗಿ ಹೆಸರಿಸುವ ಪ್ರಬಂಧವನ್ನೂ ಕಪ್ಪೆಯ ಅಂಡಾಶಯದ ಪ್ರಬಂಧವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತಿಳಿಯುವುದು ಓದುಗರ ಸಂಖ್ಯೆಯೇ ಹೊರತು ಶೋಧನೆಯ ಆಳವಲ್ಲ. ಎಚ್-ಇಂಡೆಕ್ಸ್ ರೂಪಿಸಿದ ಭೌತವಿಜ್ಞಾನಿ ಹಿರ್ಷ್ 2005ರ ತಮ್ಮ ಮೂಲ ಪ್ರಬಂಧದಲ್ಲೇ, ಒಂದು ಸಂಖ್ಯೆ ವ್ಯಕ್ತಿಯ ಸಾಧನೆಯ ಸ್ಥೂಲ ಅಂದಾಜನ್ನಷ್ಟೇ ಕೊಡಬಲ್ಲದು ಎಂದು ಎಚ್ಚರಿಸಿದ್ದರು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಸಂಖ್ಯೆಯನ್ನು ಬದಿಗಿಟ್ಟರೆ ಉಳಿಯುವುದು ಆಯ್ಕೆ ಸಮಿತಿಯ ಮರ್ಜಿ. ಜಾತಿ, ಶಿಫಾರಸು, ಗುರು-ಶಿಷ್ಯರ ನಂಟು ಎಲ್ಲವೂ ಅಲ್ಲಿ ಕೆಲಸ ಮಾಡುತ್ತವೆ, ಯಾರ ಬೆಂಬಲವೂ ಇಲ್ಲದ ಅಭ್ಯರ್ಥಿಗೆ ಅಂಕಪಟ್ಟಿಯೊಂದೇ ರಕ್ಷೆ ಎನ್ನುತ್ತಾರೆ. ನಮ್ಮ ನೇಮಕಾತಿಗಳನ್ನು ಕಂಡವರು ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮುಖೋಪಾಧ್ಯಾಯರನ್ನು ಮುಗಿಸಿದ್ದೂ ಒಂದು ಸಮಿತಿಯೇ ಅಲ್ಲವೇ? ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಅವರ ಮಾತನ್ನು ನಂಬಲಿಲ್ಲ. ಜಪಾನಿಗೆ ಹೋಗಿ ತಮ್ಮ ಕೆಲಸ ಮಂಡಿಸಲು ಅವರಿಗೆ ಅನುಮತಿ ಸಿಗಲಿಲ್ಲ. ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ವರ್ಗ ಮಾಡಲಾಯಿತು. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. ಆದರೆ ಆ ಅನ್ಯಾಯ ಸರಿಹೋದದ್ದು ಹೇಗೆ ಎಂಬುದನ್ನೂ ನೋಡಬೇಕು. 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪ್ರನಾಳ ಶಿಶುವಿನಿಂದಾಗಿ ದೇಶದ ಮೊದಲಿಗರೆಂಬ ಮನ್ನಣೆ ಡಾ. ಟಿ.ಸಿ. ಆನಂದ್ ಕುಮಾರ್ ಮತ್ತು ಡಾ. ಇಂದಿರಾ ಹಿಂದುಜಾ ತಂಡಕ್ಕೆ ಸಂದಿತ್ತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಆನಂದ್ ಕುಮಾರ್, ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳನ್ನು ತರಿಸಿ ಓದಿದರು. ಆ ಕೆಲಸ ನಿಜ, ಮೊದಲಿಗರು ಅವರೇ ಎಂದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಬರೆದು, ತಮ್ಮ ಹಿರಿಮೆಯನ್ನು ತಾವಾಗಿ ಬಿಟ್ಟುಕೊಟ್ಟರು. ವಿಷಯ ಬಲ್ಲವರೊಬ್ಬರು ಕೂತು ಓದಿ, ತೀರ್ಪನ್ನು ಕಾರಣ ಸಹಿತ ಹೆಸರು ಹಾಕಿ ಪ್ರಕಟಿಸಿದ್ದು ಈ ಕೆಲಸ ಮಾಡಿತು. ಸೈಟೇಶನ್ ಪಟ್ಟಿಯಿಂದ ಇದು ಎಂದೂ ಆಗುತ್ತಿರಲಿಲ್ಲ. ಮರ್ಜಿಗೆ ಮದ್ದು ಅಂಕಪಟ್ಟಿಯಲ್ಲ. ಕಾರಣ ಬರೆದಿಡುವ ಹೊಣೆ ಹೊತ್ತವರಿಗೆ ಮನಸ್ಸಿಗೆ ಬಂದಂತೆ ನಡೆಯುವುದು ಸುಲಭವಲ್ಲ.

ನೂರಾರು ಅರ್ಜಿಗಳನ್ನು ಓದಲು ಪುರುಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ಎಲ್ಲವನ್ನೂ ಓದಬೇಕಿಲ್ಲ. ಮೊದಲ ಜರಡಿಗೆ ಸಂಖ್ಯೆ ಇರಲಿ, ಅದೂ ಆಯಾ ಉಪವಿಷಯದೊಳಗಿನ ಹೋಲಿಕೆಯಾಗಿ. ಸಂದರ್ಶನಕ್ಕೆ ಉಳಿದ ಹತ್ತಾರು ಮಂದಿಯಿಂದ ಅವರೇ ಆರಿಸಿದ ಐದು ಪ್ರಬಂಧ ತರಿಸಿಕೊಳ್ಳಿ, ಅದೇ ಕ್ಷೇತ್ರದ ಇಬ್ಬರು ಹೊರಗಿನವರಿಂದ ಓದಿಸಿ, ಅವರ ಅಭಿಪ್ರಾಯವನ್ನು ಅಭ್ಯರ್ಥಿಯ ಕೈಗೂ ಕೊಡಿ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ವ್ಯಕ್ತಿಯನ್ನು ಅಳೆಯಬಾರದು ಎಂದು ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿ ದಶಕ ದಾಟಿದೆ. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡಿನಲ್ಲೂ ಅಂಕಪದ್ಧತಿ ಕೈಬಿಟ್ಟು ಗಮನಾರ್ಹ ಕೊಡುಗೆಗಳನ್ನು ನೋಡುವ ಪ್ರಸ್ತಾಪವಿತ್ತು. ಕರ್ನಾಟಕದಲ್ಲಿ ಅದರ ಮೇಲಿನ ಚರ್ಚೆ ಬಹುಪಾಲು ಕುಲಪತಿಗಳನ್ನು ನೇಮಿಸುವ ಅಧಿಕಾರ ಯಾರದು ಎಂಬುದರ ಸುತ್ತ ನಡೆಯಿತು. ಆ ಪ್ರಶ್ನೆಯೂ ದೊಡ್ಡದೇ. ಆದರೆ ಕೊಡುಗೆ ಗಮನಾರ್ಹವೋ ಅಲ್ಲವೋ ಎಂದು ಯಾರು, ಏನನ್ನು ಓದಿ ಹೇಳಬೇಕು ಎಂಬ ಪ್ರಶ್ನೆಯನ್ನು ನಮ್ಮ ವಿಶ್ವವಿದ್ಯಾಲಯಗಳ ಸಿಂಡಿಕೇಟುಗಳು ದೆಹಲಿಗಾಗಿ ಕಾಯದೆ ಈಗಲೇ ಚರ್ಚೆಗೆ ಎತ್ತಿಕೊಳ್ಳಬಹುದು.