ಮೀನು ಹಿಡಿಯುವ ವಿಡಿಯೊ ಮಾಡೋಕೆ ಸಾಲ ಮಾಡಿ ಕ್ಯಾಮೆರಾ ತರಬೇಡಿ

ಭಾನುವಾರ ಬಂತೆಂದರೆ ಶ್ರೀರಂಗಪಟ್ಟಣದ ಹೊಳೆ ದಂಡೆ, ಪಾಂಡವಪುರ ಕಡೆಯ ಕನ್ನಂಬಾಡಿ ಹಿನ್ನೀರು, ಕೆ.ಆರ್.ಪೇಟೆಯ ಹೇಮಾವತಿ, ನಾಗಮಂಗಲದ ಊರ ಕೆರೆಗಳು, ಎಲ್ಲ ಕಡೆ ಗಾಳ ಹಿಡಿದ ಹುಡುಗರು ಸಿಗುತ್ತಾರೆ. ನಾಲ್ಕು ಜನ ಇದ್ದರೆ ಅದರಲ್ಲಿ ಒಬ್ಬನ ಕೈಯಲ್ಲಿ ಗಾಳದ ಬದಲು ಫೋನು. ಸಂಜೆಗೆ ಅದು ಯೂಟ್ಯೂಬಿಗೋ ಇನ್‌ಸ್ಟಾಗ್ರಾಂಗೋ ಹೋಗುತ್ತದೆ. ಇದರಲ್ಲಿ ತಪ್ಪೇನಿಲ್ಲ. ನಮ್ಮ ಹೊಳೆ, ನಮ್ಮ ಕೆರೆ, ನಮ್ಮ ಮೀನನ್ನು ನಾವೇ ತೋರಿಸುವುದು ಒಳ್ಳೆಯದೇ.

ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ. ಹತ್ತು ವಿಡಿಯೊ ಹಾಕಿದ ಮೇಲೆ 'ಒಂದು ಗೋಪ್ರೊ ಇದ್ದಿದ್ದರೆ' ಅನ್ನುವ ಆಸೆ ಹುಟ್ಟುತ್ತದೆ. ಹೊಸ ಆಕ್ಷನ್ ಕ್ಯಾಮೆರಾ, ಎರಡು ಬ್ಯಾಟರಿ, ಕಾರ್ಡು, ಎದೆಗೆ ಕಟ್ಟುವ ಪಟ್ಟಿ ಎಲ್ಲ ಸೇರಿದರೆ 30–40 ಸಾವಿರದ ಬಾಬತ್ತು. ಕಬ್ಬಿನ ಬಿಲ್ ಬಂದಾಗ ತೀರಿಸುತ್ತೇನೆ ಅಂತ ಇಎಂಐ ಹಾಕಿಸಿಕೊಳ್ಳುವವರಿದ್ದಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮೊದಲ ಒಂದು ವರ್ಷ ಕ್ಯಾಮೆರಾ ಕೊಳ್ಳಬೇಡಿ. ಜೇಬಲ್ಲಿರುವ ಫೋನು ಸಾಕು. ಕ್ಯಾಮೆರಾಗಿಂತ ಮುಂಚೆ ಕಲಿಯಬೇಕಾದ್ದು ಬೇರೆ ಇದೆ.

ದುಡ್ಡಿನ ಲೆಕ್ಕ ಮೊದಲು

ಯೂಟ್ಯೂಬಿನಲ್ಲಿ ಜಾಹೀರಾತಿನ ದುಡ್ಡು ಬರಬೇಕಾದರೆ ನಿಮ್ಮ ಚಾನೆಲ್‌ಗೆ 1000 ಚಂದಾದಾರರು ಇರಬೇಕು. ಜೊತೆಗೆ ಒಂದು ವರ್ಷದಲ್ಲಿ ಜನ ನಿಮ್ಮ ವಿಡಿಯೊಗಳನ್ನು 4000 ಗಂಟೆ ನೋಡಿರಬೇಕು. ಇಲ್ಲವೇ ಶಾರ್ಟ್ಸ್‌ಗೆ 90 ದಿನದಲ್ಲಿ 1 ಕೋಟಿ ವೀಕ್ಷಣೆ ಬೇಕು. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಸಮಯ ಆ 4000 ಗಂಟೆಗೆ ಸೇರುವುದಿಲ್ಲ.

4000 ಗಂಟೆ ಅಂದರೆ 2,40,000 ನಿಮಿಷ. ಒಬ್ಬರು ಸರಾಸರಿ 3 ನಿಮಿಷ ನೋಡಿದರು ಅಂದುಕೊಳ್ಳಿ, 80,000 ವೀಕ್ಷಣೆ ಬೇಕು. ಅಷ್ಟಾದ ಮೇಲೆ ಅರ್ಜಿ ಹಾಕುವ ಬಾಗಿಲು ತೆರೆಯುತ್ತದೆ, ದುಡ್ಡು ಬರುವುದು ಅದರಾಚೆಗೆ. ಇಎಂಐ ಮಾತ್ರ ಮುಂದಿನ ತಿಂಗಳಿಂದಲೇ ಶುರು. ಹಾಗಾಗಿ ವಿಡಿಯೊ ದುಡ್ಡಿನಿಂದ ಕ್ಯಾಮೆರಾ ಸಾಲ ತೀರಿಸುವ ಲೆಕ್ಕ ಹಾಕಬೇಡಿ. ಖುಷಿಗೆ ಮಾಡಿ. ದುಡ್ಡು ಬಂದರೆ ಬರಲಿ.

ಫೋನಿನಲ್ಲೇ ಚೆನ್ನಾಗಿ ತೆಗೆಯುವುದು ಹೇಗೆ

ಮೀನು ಬೀಳುವುದು ಹೆಚ್ಚಾಗಿ ಬೆಳಗಿನ ಜಾವ, ಇಲ್ಲ ಸಂಜೆ. ಬೆಳಕು ಕಮ್ಮಿ ಇರುವ ಹೊತ್ತು. ಆಗ ಫೋನಿನ ಮುಖ್ಯ ಕ್ಯಾಮೆರಾದಲ್ಲೇ ತೆಗೆಯಿರಿ. ಅಗಲವಾಗಿ ತೋರಿಸುವ ಇನ್ನೊಂದು ಲೆನ್ಸಿನಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಸೂರ್ಯ ನಿಮ್ಮ ಬೆನ್ನಿಗೋ ಪಕ್ಕಕ್ಕೋ ಇರಲಿ. ನೀರಿನ ಹೊಳಪಿಗೆ ಫೋನು ಗಲಿಬಿಲಿಯಾಗಿ ಮುಖವನ್ನು ಕಪ್ಪು ಮಾಡುತ್ತದೆ. ಪರದೆಯ ಮೇಲೆ ಮುಖ ಇರುವ ಜಾಗವನ್ನು ಬೆರಳಲ್ಲಿ ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಬೆಳಕು, ಫೋಕಸ್ ಎರಡೂ ಅಲ್ಲೇ ನಿಲ್ಲುತ್ತವೆ.

4ಕೆ ಮೋಹ ಬೇಡ. ಸೆಕೆಂಡಿಗೆ 60 ಮೆಗಾಬಿಟ್ ಹಿಡಿದರೂ ಗಂಟೆಗೆ 27 ಜಿಬಿ ತಿನ್ನುತ್ತದೆ, 64 ಜಿಬಿ ಕಾರ್ಡು ಎರಡೂಕಾಲು ಗಂಟೆಗೆ ಖಾಲಿ. ಅದೇ 1080ರಲ್ಲಿ ಸೆಕೆಂಡಿಗೆ 17 ಮೆಗಾಬಿಟ್ ಆದರೆ ಗಂಟೆಗೆ 8 ಜಿಬಿಗೂ ಕಮ್ಮಿ. ನಿಮ್ಮ ವಿಡಿಯೊ ನೋಡುವವರೂ ನಮ್ಮಂತೆ ಊರಲ್ಲಿ ಕೂತು ಡೇಟಾ ಉಳಿಸಿಕೊಂಡು ಫೋನಲ್ಲೇ ನೋಡುವವರು. ಅವರಿಗೆ 1080 ಧಾರಾಳ.

ನೀರಿನ ವಿಷಯ. ಫೋನಿನ ಮೇಲೆ ಐಪಿ67 ಅಂತ ಇದ್ದರೆ 1 ಮೀಟರ್ ಸಿಹಿನೀರಲ್ಲಿ 30 ನಿಮಿಷ ತಡೆಯುತ್ತದೆ ಎಂದು ಹೊಸದಿದ್ದಾಗ ಪರೀಕ್ಷಿಸಿದ್ದಾರೆ, ಅಷ್ಟೇ. ಒಂದು ಸಲ ಬಿದ್ದು ಗಾಜು ಬದಲಾಯಿಸಿದ ಫೋನಿಗೆ ಆ ಲೆಕ್ಕ ನಂಬಬೇಡಿ. ನೀರು ಹೊಕ್ಕಿದ್ದಕ್ಕೆ ಸಾಮಾನ್ಯವಾಗಿ ವಾರಂಟಿಯೂ ಇರುವುದಿಲ್ಲ. ಕುತ್ತಿಗೆಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಚೀಲ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಅದರೊಳಗೆ ಒಣ ಕಾಗದ ಇಟ್ಟು ಬಕೆಟ್ಟಲ್ಲಿ ಮುಳುಗಿಸಿ ನೋಡಿ. ಕಾಗದ ಒದ್ದೆಯಾಗದಿದ್ದರೆ ಆಮೇಲೆ ಫೋನು ಇಡಿ.

ಶಬ್ದ ಮುಖ್ಯ. ಹಿನ್ನೀರಿನ ಗಾಳಿಯಲ್ಲಿ ಬರೀ 'ಭರ್ರ್' ಅನ್ನುವ ಸದ್ದು ದಾಖಲಾಗಿರುತ್ತದೆ, ಮಾತು ಕೇಳುವುದಿಲ್ಲ. ಗಾಳಿಗೆ ಬೆನ್ನು ಕೊಟ್ಟು ನಿಂತು ಮಾತಾಡಿ. ಇಲ್ಲವೇ ಮನೆಗೆ ಬಂದು ಮಾತು ಸೇರಿಸಿ. ಖರ್ಚು ಮಾಡಲೇಬೇಕು ಅಂದರೆ ಮೊದಲು ಕಾಲರಿಗೆ ಸಿಕ್ಕಿಸುವ, ಸ್ಪಂಜು ಇರುವ ಒಂದು ಮೈಕ್ ತನ್ನಿ. ಚಿತ್ರ ಸಾಧಾರಣ ಇದ್ದರೂ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಕ್ಯಾಮೆರಾ ಕೊಳ್ಳಲೇಬೇಕು ಅನ್ನುವವರಿಗೆ

ಒಂದು ವರ್ಷ ಬಿಡದೆ ವಿಡಿಯೊ ಮಾಡಿದ್ದೀರಿ, ಕೈಯಲ್ಲಿ ಸಾಲವಲ್ಲದ ದುಡ್ಡಿದೆ. ಆಗ ಆಕ್ಷನ್ ಕ್ಯಾಮೆರಾ ಕೊಳ್ಳಬಹುದು. ಎರಡು ಕೈಯೂ ಗಾಳಕ್ಕೆ ಬೇಕಾದ ನಮಗೆ ಅದರ ಉಪಯೋಗ ನಿಜಕ್ಕೂ ಇದೆ. ಗೋಪ್ರೊ, ಡಿಜೆಐ, ಇನ್‌ಸ್ಟಾ360, ಯಾವುದಾದರೂ ಸರಿ, ಕೊಳ್ಳುವ ಮೊದಲು ಕೆಲವು ವಿಷಯ ನೋಡಿ.

ಒಂದು, ಹಿಂದಿನ ಕ್ಷಣವನ್ನು ಉಳಿಸುವ ಸೌಲಭ್ಯ. ಗಾಳ ಹಾಕಿ ಮೂರು ಗಂಟೆ ಕಾಯುತ್ತೇವೆ, ಬೆಂಡು ಮುಳುಗುವುದು ಒಂದು ಕ್ಷಣ. ಈ ಸೌಲಭ್ಯ ಇದ್ದರೆ ಮೀನು ಕಚ್ಚಿದ ಮೇಲೆ ಗುಂಡಿ ಒತ್ತಿದರೂ ಅದಕ್ಕಿಂತ 15–30 ಸೆಕೆಂಡು ಹಿಂದಿನಿಂದ ದಾಖಲಾಗಿರುತ್ತದೆ. ಕಾರ್ಡು ಉಳಿಯುತ್ತದೆ. ಆದರೆ ಅಷ್ಟು ಹೊತ್ತೂ ಕ್ಯಾಮೆರಾ ಎಚ್ಚರವಿರುವುದರಿಂದ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದು ಬ್ಯಾಟರಿ ಇರಲಿ.

ಎರಡು, ಬೆಳಕು. ಈ ಪುಟ್ಟ ಕ್ಯಾಮೆರಾಗಳು ಮಧ್ಯಾಹ್ನದ ಬಿಸಿಲಲ್ಲಿ ಹುಲಿ, ಕತ್ತಲಾದರೆ ಇಲಿ. ಅಂಗಡಿಯ ದೀಪದಲ್ಲಿ ನೋಡಿ ಮೆಚ್ಚಬೇಡಿ. ಸಂಜೆ ಆರೂವರೆಗೆ ತೆಗೆದ ವಿಡಿಯೊ ಹುಡುಕಿ ನೋಡಿ.

ಮೂರು, ಎಲ್ಲಿ ಕಟ್ಟುತ್ತೀರಿ ಎಂಬುದು. ತಲೆಗೆ ಕಟ್ಟಿದರೆ ನೀವು ನೋಡಿದ್ದೆಲ್ಲ ಕಾಣುತ್ತದೆ, ಆದರೆ ಚಿತ್ರ ತಿರುತಿರುಗಿ ನೋಡುವವರಿಗೆ ತಲೆಸುತ್ತು. ಎದೆಗೆ ಕಟ್ಟಿದರೆ ಕೈ, ಗಾಳ, ಮೀನು ಮೂರೂ ಚೆನ್ನಾಗಿ ಸಿಗುತ್ತವೆ. ಮತ್ತೊಂದು ಮಾತು: ಈ ಕ್ಯಾಮೆರಾಗಳು ನೀರಲ್ಲಿ ತೇಲುವುದಿಲ್ಲ. ತೇಲುವ ಹಿಡಿ ಹಾಕಿ, ಇಲ್ಲವೇ ಒಂದು ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿ.

ನೀರಿನ ಒಳಗೆ ಇಳಿಬಿಟ್ಟು ತೆಗೆಯುವ ಆಸೆ ಇದ್ದರೆ ನೀರು ತಿಳಿಯಾಗಿರಬೇಕು. ತೊಣ್ಣೂರು ಕೆರೆಯಂಥ ನೀರಲ್ಲಿ ಏನಾದರೂ ಕಂಡೀತು. ಮಳೆ ಬಿದ್ದ ಮೇಲಿನ ಹೇಮಾವತಿಯಲ್ಲೋ ನಾಗಮಂಗಲದ ಕೆಂಪು ನೀರಿನ ಕೆರೆಯಲ್ಲೋ ಬರೀ ಕಾಫಿ ಬಣ್ಣ ಕಾಣುತ್ತದೆ. ಅಲ್ಲಿ 40 ಸಾವಿರದ ಕ್ಯಾಮೆರಾಗೂ ಕಣ್ಣಿಲ್ಲ.

ಆ ಮೀನು ಯಾರದು?

ಈಗ ಕಷ್ಟದ ಮಾತು. ನಮ್ಮ ಬಹುತೇಕ ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತದೆ. ಮೀನುಗಾರರ ಸಹಕಾರ ಸಂಘವೋ ಹರಾಜು ಕೂಗಿದವರೋ ದುಡ್ಡು ಕಟ್ಟಿ, ಕಾಟ್ಲಾ, ರೋಹು, ಮೃಗಾಲ್ ಮರಿ ತಂದು ಬಿಟ್ಟಿರುತ್ತಾರೆ. ಅದು ಅವರ ಬೆಳೆ. ಪಕ್ಕದ ಹೊಲದ ಕಬ್ಬು ಮುರಿದು 'ಹಾಯ್ ಫ್ರೆಂಡ್ಸ್' ಅಂತ ವಿಡಿಯೊ ಹಾಕುತ್ತೇವಾ? ಇಲ್ಲ. ಗುತ್ತಿಗೆ ಕೆರೆಯಲ್ಲಿ ಕೇಳದೆ ಹಿಡಿದ ಕಾಟ್ಲಾ ಎತ್ತಿ ತೋರಿಸುವುದೂ ಅದೇ. ವ್ಯತ್ಯಾಸ ಏನೆಂದರೆ ಇಲ್ಲಿ ಮುಖ, ದಿನಾಂಕ, ಜಾಗ ಎಲ್ಲವನ್ನೂ ನೀವೇ ದಾಖಲೆ ಮಾಡಿ ಕೊಟ್ಟಿರುತ್ತೀರಿ. ಗಾಳ ಹಾಕುವ ಮೊದಲು ಪಂಚಾಯಿತಿಯಲ್ಲೋ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲೋ ಒಂದು ಮಾತು ಕೇಳಿ. ಹೊಳೆ, ಹಿನ್ನೀರಿಗೂ ಪರವಾನಗಿಯ ಕ್ರಮ ಇದೆ. ಗುತ್ತಿಗೆಯವರನ್ನೇ ಕೇಳಿದರೆ ಎಷ್ಟೋ ಸಲ ಅವರೇ ಕರೆದು ಬಲೆ ಎಳೆಯುವುದನ್ನು ತೋರಿಸುತ್ತಾರೆ. ಅದು ನಿಮ್ಮ ಗಾಳದ ವಿಡಿಯೊಗಿಂತ ಚೆನ್ನಾಗಿರುತ್ತದೆ.

ಜಾಗದ ಹೆಸರನ್ನೂ ಯೋಚಿಸಿ ಹೇಳಿ. ಮೀನು ಹೆಚ್ಚು ಸಿಗುವ ಮಡುವಿನ ದಾರಿಯನ್ನು ಮ್ಯಾಪ್ ಸಮೇತ ಹಾಕಿದರೆ ಮುಂದಿನ ವಾರ ಐವತ್ತು ಬೈಕು ಬರುತ್ತವೆ. ಅವರು ಬಿಟ್ಟು ಹೋಗುವ ಬಾಟಲಿ, ನೈಲಾನ್ ದಾರ ಅಲ್ಲೇ ಇರುತ್ತವೆ. ಆ ಮಡುವನ್ನೇ ನಂಬಿ ತೆಪ್ಪ ಹಾಕುವ ಮನೆಯವರ ಅನ್ನ ಕಮ್ಮಿಯಾಗುತ್ತದೆ. ಊರಿನ ಹೆಸರು ಹೇಳಿ, ಮಡುವಿನ ಗುರುತು ಬೇಡ. ಮುಂಗಾರಿನಲ್ಲಿ ಮೊಟ್ಟೆ ಇಡಲು ಮೀನು ಹೊಸ ನೀರಿಗೆ ಎದುರಾಗಿ ಹತ್ತುವಾಗಂತೂ ಆ ಜಾಗ ತೋರಿಸಲೇಬೇಡಿ. ಒಂದು ಬಸುರಿ ಮೀನಿನಲ್ಲಿ ಮುಂದಿನ ವರ್ಷದ ಹೊಳೆ ಇರುತ್ತದೆ.

ಇನ್ನು ತೋಟೆ ಸಿಡಿಸುವುದು, ನೀರಿಗೆ ವಿಷ ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಅಂಥದ್ದನ್ನು 'ದೇಸಿ ಟ್ರಿಕ್' ಅಂತ ತೋರಿಸುವ ವಿಡಿಯೊ ಕಂಡರೆ ಹಂಚಬೇಡಿ.

ಜೀವಕ್ಕಿಂತ ಶಾಟ್ ದೊಡ್ಡದಲ್ಲ

ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅದರೊಳಗೆ ಮೀನು ಹಿಡಿಯುವಂತಿಲ್ಲ. ಅಲ್ಲಿನ ಮೊಸಳೆಗಳಿಗೆ ಮಾತ್ರ ಪಕ್ಷಿಧಾಮದ ಗಡಿ ಗೊತ್ತಿಲ್ಲ. ಶ್ರೀರಂಗಪಟ್ಟಣದ ಸುತ್ತಲ ಹೊಳೆಯಲ್ಲೂ ಇವೆ. ಕ್ಯಾಮೆರಾ ಪರದೆ ನೋಡುತ್ತ ಮೊಣಕಾಲು ನೀರಲ್ಲಿ ನಿಂತವನು ನೀರನ್ನು ನೋಡುತ್ತಿರುವುದಿಲ್ಲ.

ಕನ್ನಂಬಾಡಿ 124.80 ಅಡಿಗೆ ಹತ್ತಿರವಾದರೆ ಹೊಳೆಗೆ ನೀರು ಬಿಡುತ್ತಾರೆ. ಬೆಳಿಗ್ಗೆ ನಡೆದು ದಾಟಿದ ಬಂಡೆ ಮಧ್ಯಾಹ್ನಕ್ಕೆ ನಡುಗಡ್ಡೆ ಆಗಿರುತ್ತದೆ. ಎಚ್ಚರಿಕೆ ಕೊಟ್ಟ ದಿನ ಹೊಳೆಗೆ ಇಳಿಯಬೇಡಿ, 'ನೀರು ಬಂತು ನೋಡಿ' ಅನ್ನುವ ವಿಡಿಯೊಗೂ ಬೇಡ. ವಿ.ಸಿ. ನಾಲೆ ಎಂಥದ್ದು ಅಂತ ಪಾಂಡವಪುರದವರಿಗೆ ಹೇಳಬೇಕಿಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ಬಿದ್ದು 30 ಜನ ಹೋದರು. ನಾಲೆಯ ಇಳಿಜಾರು ದಂಡೆಯಲ್ಲಿ ಪಾಚಿ ಮೇಲೆ ಕಾಲಿಟ್ಟರೆ ಹಿಡಿದುಕೊಳ್ಳೋಕೆ ಏನೂ ಸಿಗುವುದಿಲ್ಲ. ಮೊದಲು ಟ್ರೈಪಾಡ್ ನಿಲ್ಲಿಸಿ, ಗುಂಡಿ ಒತ್ತಿ, ಆಮೇಲೆ ಗಾಳ ಮುಟ್ಟಿ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಒಬ್ಬರೇ ಹೋಗಬೇಡಿ.

ಹಾಗಾದರೆ ಯಾಕೆ ತೆಗೆಯಬೇಕು?

ಇಷ್ಟೆಲ್ಲ ಬೇಡ ಬೇಡ ಅಂದ ಮೇಲೂ ತೆಗೆಯಿರಿ ಅಂತಲೇ ಹೇಳುತ್ತೇನೆ. ಕಾರಣ ನಮ್ಮ ಕಾವೇರಿಯಲ್ಲೇ ಇದೆ.

ನಮ್ಮ ಹಿರಿಯರು ಬಿಳಿ ಮೀನು ಅನ್ನುತ್ತಿದ್ದ ಗೂನು ಬೆನ್ನಿನ ಮಹಶೀರ್ ಕಾವೇರಿ ಕಣಿವೆ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಈ ಕಣಿವೆಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕೆ.ಜಿ. ತೂಗಿತ್ತು. ಅಂಥ ಮೀನು ಕಮ್ಮಿಯಾಗುತ್ತಿದೆ ಅಂತ ಗೊತ್ತಾದದ್ದು ಹೇಗೆ? ಗಾಳಿಬೋರೆ ಕ್ಯಾಂಪಿನಲ್ಲಿ ಗಾಳ ಹಾಕುತ್ತಿದ್ದವರು ಹಿಡಿದು ಬಿಟ್ಟ ಪ್ರತಿ ಮೀನಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕ ನೋಡಿ ವಿಜ್ಞಾನಿಗಳು 2015ರಲ್ಲಿ ಹೇಳಿದರು: ಹೊರಗಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿದೆ, ನಮ್ಮ ಗೂನು ಬೆನ್ನಿನದು ಅಳಿಯುತ್ತಿದೆ ಎಂದು. 2018ರಲ್ಲಿ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಸಿಕ್ಕಿತು, ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಗಾಳದವರ ಪುಸ್ತಕ ಇಲ್ಲದಿದ್ದರೆ ಈ ಲೆಕ್ಕ ಯಾರಿಗೂ ಸಿಗುತ್ತಿರಲಿಲ್ಲ.

ನಮ್ಮ ನಾಲ್ಕು ತಾಲ್ಲೂಕಿನ ಕೆರೆ ಹೊಳೆಗಳಿಗೆ ಅಂಥ ಪುಸ್ತಕ ಯಾರು ಬರೆಯುತ್ತಾರೆ? ನಿಮ್ಮ ಫೋನು ಬರೆಯಬಹುದು. ಮೀನು ಸಿಕ್ಕಾಗ ಪಕ್ಕದಲ್ಲಿ ಟೇಪು ಇಟ್ಟು ಒಂದು ಚಿತ್ರ ತೆಗೆಯಿರಿ. ದಿನ, ಊರು, ಯಾವ ಎರೆ, ನೀರು ಎಷ್ಟಿತ್ತು ಅಂತ ಬಾಯಲ್ಲಿ ಹೇಳಿ. ನಿಮ್ಮ ಊರಲ್ಲಿ ಆ ಮೀನಿಗೆ ಏನಂತಾರೋ ಅದೇ ಹೆಸರು ಹೇಳಿ. ಎಲ್ಲವನ್ನೂ 'ಬಿಗ್ ಫಿಶ್' ಅನ್ನಬೇಡಿ. ಕೊರವ, ಬಾಳೆ, ಗೆಂಡೆ, ಪಕ್ಕೆ ಅನ್ನುವ ಹೆಸರು ಮಕ್ಕಳ ಕಿವಿಗೆ ಬೀಳಲಿ. 1952ರಲ್ಲಿ ನಮ್ಮ ದೇಶಕ್ಕೆ ಬಂದ ಜಿಲೇಬಿ ಮೀನೇ ದಿನವೂ ಸಿಗುತ್ತಿದ್ದರೆ ಅದನ್ನೂ ಹೇಳಿ, ಅದೂ ಒಂದು ಸುದ್ದಿ. ಏನೂ ಸಿಗದ ದಿನದ ವಿಡಿಯೊ ಅಳಿಸಬೇಡಿ. ಹತ್ತು ವರ್ಷದ ನಂತರ ಯಾವ ದಿನ ಏನೂ ಸಿಗಲಿಲ್ಲ ಅನ್ನುವುದಕ್ಕೂ ಬೆಲೆ ಇರುತ್ತದೆ.

ಬಿಡುವ ಮೀನಾದರೆ ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಕಿವಿರಿಗೆ ಬೆರಳು ಹಾಕಬೇಡಿ, ಬಿಸಿ ಕಲ್ಲಿನ ಮೇಲೆ ಮಲಗಿಸಬೇಡಿ. ಕ್ಯಾಮೆರಾ ಸಿದ್ಧವಾಗುವ ತನಕ ಮೀನು ನೀರಲ್ಲೇ ಇರಲಿ. ನೀವು ಉಸಿರು ಬಿಗಿಹಿಡಿದು ಮೀನು ಎತ್ತಿ. ನಿಮಗೆ ಉಸಿರು ಬೇಕೆನಿಸಿದಾಗ ಅದಕ್ಕೂ ನೀರು ಬೇಕು.

ಸುತ್ತಮುತ್ತ ತೆಪ್ಪ ಹಾಕುವ ಅಜ್ಜಂದಿರಿದ್ದರೆ ಗಾಳ ಪಕ್ಕಕ್ಕಿಟ್ಟು ಒಂದು ಭಾನುವಾರ ಅವರ ಮಾತು ತೆಗೆಯಿರಿ. ಯಾವ ಗಾಳಿಗೆ ಯಾವ ಮೀನು, ಕೂಳಿ ಹೆಣೆಯುವುದು ಹೇಗೆ, ಯಾವ ಮೀನು ಈಗ ಕಾಣುವುದೇ ಇಲ್ಲ ಅಂತ ಕೇಳಿ. ಒಪ್ಪಿಗೆ ಕೇಳಿ, ಹಾಕುವ ಮೊದಲು ಅವರಿಗೇ ತೋರಿಸಿ. ಅದಕ್ಕೆ ಬೇಕಾಗುವುದು ಚಾರ್ಜ್ ಇರುವ ಒಂದು ಫೋನು, ಒಂದಿಷ್ಟು ತಾಳ್ಮೆ. ಮೀನು ಹಿಡಿಯುವವರಲ್ಲಿ ತಾಳ್ಮೆಗೆ ಬರ ಇಲ್ಲ.