ಬಿಡಿಭಾಗದ ಬೆಲೆ, ಇಂಧನದ ಲೆಕ್ಕ

ಸ್ವೀಡನ್ನಿನ ನೊಬೆಲ್ ಪುರಸ್ಕೃತ ವಿಜ್ಞಾನಿ ಗುಸ್ತಾಫ್ ದಾಲೆನ್ 1922ರಲ್ಲಿ ರೂಪಿಸಿದ 'ಆಗಾ' ಒಲೆ ಇಂದಿಗೂ ಬ್ರಿಟನ್ನಿನ ಅನೇಕ ಮನೆಗಳಲ್ಲಿ ಬಳಕೆಯಲ್ಲಿದೆ. ಎರಕದ ಕಬ್ಬಿಣವು ಶಾಖವನ್ನು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುವುದೇ ಅದರ ಮರ್ಮ. ಕಬ್ಬಿಣ ಬೇಗ ಸವೆಯದು. ಸವೆಯುವುದು ಬಾಗಿಲಿನ ಸೀಲು, ಮುಚ್ಚಳದ ಒಳಪದರ, ಕೀಲುಗಳು. ಅಳತೆಗೆ ಹೊಂದದ ಅಗ್ಗದ ಸೀಲನ್ನು ಕೂರಿಸಿದರೆ, ಹಗಲಿರುಳು ಬಿಸಿಯಾಗಿಯೇ ಇರುವ ಈ ಒಲೆಯಿಂದ ಶಾಖವೂ ಹಗಲಿರುಳು ಸೋರುತ್ತದೆ. ಲೆಕ್ಕಪುಸ್ತಕದಲ್ಲಿ ಇದು ಕಾಣದು. ಉಳಿತಾಯ ದುರಸ್ತಿ ಖಾತೆಯಲ್ಲಿ, ನಷ್ಟ ಇಂಧನದ ಖಾತೆಯಲ್ಲಿ! ಎರಡನ್ನೂ ಒಟ್ಟಿಗಿಟ್ಟು ನೋಡುವ ಮಾಲೀಕರು ವಿರಳ. ಲೆಕ್ಕಪರಿಶೋಧಕರೂ ಅಷ್ಟೇ ವಿರಳವೆನ್ನಿ.

ಈ ಒಲೆಗಳಿಗೆ ಎರಕ ಒದಗಿಸುತ್ತಿದ್ದ ಕೋಲ್‌ಬ್ರೂಕ್‌ಡೇಲ್ ಫೌಂಡ್ರಿ 2017ರಲ್ಲಿ ಮುಚ್ಚಿತು. ಆದರೂ ಹಳೆಯ ಒಲೆಗಳು ಮೂಲೆ ಸೇರಲಿಲ್ಲ. ಅವುಗಳ ಬಿಡಿಭಾಗ ಹಾಗೂ ನವೀಕರಣವೇ ಒಂದು ವ್ಯಾಪಾರವಾಗಿದೆ.

ಎರಕಕ್ಕೆ ಹೆಸರಾದ ನಮ್ಮ ಬೆಳಗಾವಿ, ಶಿವಮೊಗ್ಗಗಳ ಉದ್ದಿಮೆದಾರರು ಗಮನಿಸಬೇಕಾದುದು ಇದನ್ನೇ. ಮಾದರಿ ಬದಲಾದೊಡನೆ ಹಳೆಯ ಪ್ಯಾಟರ್ನ್‌ಗಳನ್ನು ಗುಜರಿಗೆ ಹಾಕಿದರೆ ಗೋದಾಮಿನಲ್ಲಿ ಜಾಗ ಉಳಿದೀತು. ಹಳೆಯ ಗ್ರಾಹಕ ಮಾತ್ರ ಅಂದಾಜಿನ ಭಾಗ ಮಾರುವವನ ಪಾಲಾಗುತ್ತಾನೆ. ಪ್ರತಿ ಭಾಗದ ಮೇಲೂ ಸಂಖ್ಯೆಯನ್ನು ಎರಕಹೊಯ್ದು, ಪ್ಯಾಟರ್ನ್‌ಗಳನ್ನು ಕನಿಷ್ಠ 15 ವರ್ಷ ಕಾಪಿಡುವುದು ಯುಕ್ತ. ಅದರ ವೆಚ್ಚವನ್ನು ಮೊದಲ ಮಾರಾಟದ ಬೆಲೆಯಲ್ಲಿಯೇ ಸೇರಿಸಿಕೊಳ್ಳಬಹುದು.