ಹಳೆಯ ಮೊಬೈಲಿಗೆ ಬಾಗಿಲು ಮುಚ್ಚುವ ಮುನ್ನ



ಬಾಲಭಾರತಿಯ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಇಂದು ಅಂತರ್ಜಾಲದಲ್ಲಿಯೂ ದೊರೆಯುತ್ತವೆ. ಶಿಷ್ಯವೃತ್ತಿಯ ಅರ್ಜಿ, ಹತ್ತನೆಯ ತರಗತಿಯ ಫಲಿತಾಂಶಗಳೂ ಅಲ್ಲಿಯೇ ಇವೆ. ಆದರೆ ಅಕ್ಕಲಕೋಟ ತಾಲೂಕಿನ ಎಷ್ಟೋ ಮನೆಗಳಲ್ಲಿ ಇವನ್ನು ತೆರೆಯಲು ಇರುವುದು ಒಂದೇ ಸಾಧನ: ಅಣ್ಣ ಬಳಸಿ ಬಿಟ್ಟ ಹಳೆಯ ಮೊಬೈಲು. ಆ ಮೊಬೈಲಿನ ಬ್ರೌಸರಿಗೆ ತಾಣಗಳು ಯಾವಾಗ ಬಾಗಿಲು ಮುಚ್ಚಬೇಕು ಎಂಬುದು ಕೇವಲ ತಂತ್ರಜ್ಞರ ಪ್ರಶ್ನೆಯಲ್ಲ, ನಮ್ಮದೂ ಹೌದು.

ತಾಣ ಕಟ್ಟುವವರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಹಳೆಯ ಬ್ರೌಸರಿಗೆ ಸುರಕ್ಷತೆಯ ದುರಸ್ತಿ ಬರುವುದು ನಿಲ್ಲುತ್ತದೆ. ಅದರಲ್ಲಿ ಬ್ಯಾಂಕಿನ ಗುಪ್ತಪದ ಬರೆಯುವುದು ಅಪಾಯ. ಹಳೆಯದೆಲ್ಲ ಕನ್ನಡಕ್ಕೆ ಹಿತವಾಗಿತ್ತು ಎನ್ನುವಂತೆಯೂ ಇಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತರೂ, ಆಂಡ್ರಾಯ್ಡ್ ಮೊಬೈಲುಗಳಿಗೆ ಕನ್ನಡದ ಬೆಂಬಲ ಬಂದದ್ದು 2012ರ 4.1ನೆಯ ಆವೃತ್ತಿಯಲ್ಲಿ. ಅದಕ್ಕೂ ಮೊದಲಿನ ಎಷ್ಟೋ ಮೊಬೈಲುಗಳಲ್ಲಿ ನಮ್ಮ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದವು.

ನನ್ನ ಆಕ್ಷೇಪ ಇರುವುದು ಅಳತೆಗೋಲಿನ ಬಗ್ಗೆ. "ಜಗತ್ತಿನಲ್ಲಿ ನೂರಕ್ಕೆ ಒಬ್ಬರೂ ಇದನ್ನು ಬಳಸುವುದಿಲ್ಲ, ಆದ್ದರಿಂದ ನಿಲ್ಲಿಸೋಣ" ಎನ್ನುತ್ತಾರೆ. ಈ ತರ್ಕ ನಮಗೆ ಹೊಸದೇ? ಪಟಸಂಖ್ಯೆ ಕಡಿಮೆಯೆಂದು ಶಾಲೆ ಮುಚ್ಚಬೇಕು ಎನ್ನುವವರ ಮಾತೂ ಇದೇ. ಅಲ್ಪಸಂಖ್ಯಾತರನ್ನು ಶೇಕಡಾವಾರು ಲೆಕ್ಕದಲ್ಲಿ ಅಳೆದರೆ ಅವರು ಯಾವಾಗಲೂ ಸೋಲುತ್ತಾರೆ. ಜಗತ್ತಿನ ಸರಾಸರಿ ಬೇಡ. ಆ ತಾಣವನ್ನು ಬಳಸುವ ಮನೆಗಳಲ್ಲಿ ಯಾವ ಮೊಬೈಲು ಇದೆ ಎಂಬುದನ್ನು ಎಣಿಸಲಿ.

ಇನ್ನು ಪುಟದ ಕೆಲಸವನ್ನೂ ನೋಡಬೇಕು. ಹಣ, ಗುಪ್ತಪದಗಳ ಪುಟದಲ್ಲಿ ಹಳೆಯ ಬ್ರೌಸರನ್ನು ಬೇಗ ನಿಲ್ಲಿಸುವುದು ನ್ಯಾಯ. ಆದರೆ ಪಾಠ, ಸುತ್ತೋಲೆ, ಫಲಿತಾಂಶಗಳು ಬರಿ ಓದುವ ಪುಟಗಳು. ಅಲಂಕಾರ ಬಿಟ್ಟು ಅಕ್ಷರವನ್ನಷ್ಟೇ ಕೊಟ್ಟರೂ ಸಾಕು, ಅವು ಬಹುಕಾಲ ತೆರೆದಿರಬಲ್ಲವು.

ಮೂರನೆಯದು ಮುನ್ಸೂಚನೆ. ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನು 2022ರ ಜೂನ್ 15ರಂದು ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2021ರ ಮೇ ತಿಂಗಳಲ್ಲಿಯೇ ಸಾರಿತು; ಹಳೆಯ ತಾಣಗಳಿಗಾಗಿ ಎಡ್ಜ್ ಬ್ರೌಸರಿನಲ್ಲಿ ಬೇರೆ ದಾರಿಯನ್ನೂ ಉಳಿಸಿತು. ಅಷ್ಟು ದೊಡ್ಡ ಕಂಪನಿಯೇ ಒಂದು ವರ್ಷಕ್ಕೂ ಹೆಚ್ಚು ಅವಧಿ ಕೊಟ್ಟಿರುವಾಗ, ಶಾಲಾ ಮಕ್ಕಳ ತಾಣವು ವರ್ಷದ ನಡುವೆ ಏಕಾಏಕಿ ಮುಚ್ಚಿಕೊಳ್ಳಬಾರದು. ಬದಲಾವಣೆ ಬೇಸಿಗೆ ರಜೆಯಲ್ಲಿ ಆಗಲಿ. ಸೂಚನೆ ಕನ್ನಡದಲ್ಲಿಯೂ ಬರಲಿ.

ಈ ವಿಷಯ ದೂರದ್ದಲ್ಲ. 2025ರ ಆಗಸ್ಟಿನಿಂದ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು ಆಂಡ್ರಾಯ್ಡ್ 8 ಮತ್ತು 9ಕ್ಕೆ ಬರುತ್ತಿಲ್ಲ. ಇದ್ದ ಆವೃತ್ತಿ ನಡೆಯುತ್ತದೆ, ಆದರೆ ದುರಸ್ತಿ ಸಿಗದು.

ಆದ್ದರಿಂದ ಇಂದೇ ಮೊಬೈಲಿನ ಸೆಟ್ಟಿಂಗ್ಸ್ ತೆರೆದು ಆಂಡ್ರಾಯ್ಡ್ ಆವೃತ್ತಿ ನೋಡಿ ಬರೆದಿಟ್ಟುಕೊಳ್ಳಿರಿ. ಪಾಲಕರ ಸಭೆಯಲ್ಲಿ ಎಲ್ಲರ ಲೆಕ್ಕ ಸೇರಿಸಿ, ಮುಖ್ಯಾಧ್ಯಾಪಕರ ಮೂಲಕ ಸೊಲ್ಲಾಪುರ ಜಿಲ್ಲಾ ಪರಿಷತ್ತಿನ ಶಿಕ್ಷಣ ವಿಭಾಗಕ್ಕೆ ಕಳಿಸಿರಿ. ಸಂವಿಧಾನದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುತ್ತದೆ. ಮನೆಯ ಮೊಬೈಲಿನಲ್ಲಿ ತೆರೆಯದ ಕನ್ನಡ ಪಾಠವನ್ನು ಸೌಲಭ್ಯವೆಂದು ಕರೆಯಲಾಗದು. ಇದನ್ನು ನಾವೇ ಕೇಳಬೇಕು. ನಮ್ಮ ಪರವಾಗಿ ಬೇರೆಯವರು ಕೇಳುವುದಿಲ್ಲ.